ಸಾಲ, ಸಂಪಾದನೆ ಮತ್ತು ಭಾಷೆಯ ಆಯ್ಕೆ: ಕೊಡಂಗಲ್ ಸೀಮೆಯ ವಿದ್ಯಾರ್ಥಿಗೆ ಮಾಧ್ಯಮ ಪದವಿಯ ಲೆಕ್ಕಾಚಾರ

ಸಂವಹನ ಮತ್ತು ಮಾಧ್ಯಮ ಪದವಿಗಾಗಿ ಸಾಲ ಮಾಡುವುದು ಯುಕ್ತವೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಎರಡು ಮೊತ್ತಗಳ ಹೋಲಿಕೆಯಾಗಿ ನೋಡಲಾಗುತ್ತದೆ. ಒಂದು, ಓದು ಮುಗಿದ ದಿನ ತಲೆಯ ಮೇಲಿರುವ ಸಾಲ. ಇನ್ನೊಂದು, ಮೊದಲ ನೌಕರಿಯಲ್ಲಿ ಕೈಗೆ ಬರುವ ಸಂಬಳ. ಬೆಂಗಳೂರಿನಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲೇ ನೌಕರಿ ಹುಡುಕುವ ವಿದ್ಯಾರ್ಥಿಗೆ ಈ ಹೋಲಿಕೆ ಬಹುಮಟ್ಟಿಗೆ ಸಾಕಾಗಬಹುದು. ಆದರೆ ಇಂದಿನ ತೆಲಂಗಾಣದಲ್ಲಿರುವ ಕೊಡಂಗಲ್, ತಾಂಡೂರು, ಜಹೀರಾಬಾದ್ ಮತ್ತು ನಾರಾಯಣಖೇಡ ಸೀಮೆಗಳಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಕುಟುಂಬಗಳ ಮಕ್ಕಳಿಗೆ ಇಷ್ಟು ಸಾಕಾಗುವುದಿಲ್ಲ. ಅವರ ಲೆಕ್ಕದಲ್ಲಿ ಮೂರನೆಯ ಅಂಶವೊಂದು ಸೇರಿಕೊಳ್ಳುತ್ತದೆ. ಸಾಲ ತೀರಿಸಲು ಯಾವ ಭಾಷೆಯಲ್ಲಿ ದುಡಿಯಬೇಕು ಎಂಬುದೇ ಆ ಅಂಶ.

ಶಿಕ್ಷಣ ಸಾಲದ ಚರ್ಚೆಯಲ್ಲಿ ಭಾಷೆಯ ಪ್ರಸ್ತಾಪ ಬರುವುದು ಅಪರೂಪ. ಭಾಷಾ ಅಲ್ಪಸಂಖ್ಯಾತರ ಕುರಿತ ಅಧ್ಯಯನಗಳಲ್ಲಿ ಸಾಲದ ಪ್ರಸ್ತಾಪವೂ ಅಷ್ಟೇ ಅಪರೂಪ. ಶಾಲೆ, ಪಠ್ಯಪುಸ್ತಕ, ಶಿಕ್ಷಕರ ನೇಮಕ, ಆಡಳಿತ ಭಾಷೆ ಇವೇ ಅಲ್ಲಿ ಮುಖ್ಯ ವಿಷಯಗಳು. ಆದರೆ ಒಂದು ಭಾಷೆಯಲ್ಲಿ ವೃತ್ತಿಜೀವನ ಸಾಧ್ಯವೇ ಎಂಬುದು ತಿಂಗಳ ಕಂತಿನ ಮೊತ್ತದಿಂದಲೂ ನಿರ್ಧಾರವಾಗುತ್ತದೆ. ಭಾಷೆಯೇ ಬಂಡವಾಳವಾಗಿರುವ ಮಾಧ್ಯಮ ವೃತ್ತಿಯಲ್ಲಿ ಇದು ಬೇರೆಲ್ಲ ವೃತ್ತಿಗಳಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಗಡಿ ಬದಲಾದ ಸೀಮೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಆದರೆ ಅವು ಇಡಿಯಾಗಿ ಸೇರಲಿಲ್ಲ. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನು ಹೊರತುಪಡಿಸಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ವೃತ್ತ, ಇವೆಲ್ಲ ಆಂಧ್ರಪ್ರದೇಶದ ಪಾಲಾದವು. 2014ರಲ್ಲಿ ತೆಲಂಗಾಣ ರಾಜ್ಯ ರಚನೆಯಾಯಿತು. 2016ರ ಜಿಲ್ಲಾ ಪುನರ್ರಚನೆಯಲ್ಲಿ ಕೊಡಂಗಲ್ ಮತ್ತು ತಾಂಡೂರು ವಿಕಾರಾಬಾದ್ ಜಿಲ್ಲೆಗೂ, ಜಹೀರಾಬಾದ್ ಮತ್ತು ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೂ ಸೇರಿದವು. ಮಹಾರಾಷ್ಟ್ರ ಮತ್ತು ಕೇರಳದ ಗಡಿಗಳನ್ನು ಪರಿಶೀಲಿಸಿದ ಮಹಾಜನ ಆಯೋಗದ ವ್ಯಾಪ್ತಿಗೆ ಈ ಗಡಿ ಬರಲಿಲ್ಲ. ಅಕ್ಕಲಕೋಟೆ, ಜತ್ತ, ಕಾಸರಗೋಡುಗಳ ಹೆಸರು ಕನ್ನಡದ ಸಾರ್ವಜನಿಕ ನೆನಪಿನಲ್ಲಿ ಉಳಿದಷ್ಟು ಕೊಡಂಗಲ್ಲಿನ ಹೆಸರು ಉಳಿಯದಿರಲು ಇದೂ ಒಂದು ಕಾರಣ. ವಿವಾದವಿಲ್ಲದ ಗಡಿ ಸುದ್ದಿಯಾಗುವುದಿಲ್ಲ.

ಇಲ್ಲಿನ ವಿದ್ಯಾರ್ಥಿಯ ಭಾಷಾ ಸ್ಥಿತಿ ಸಂಕೀರ್ಣವಾದುದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಅಥವಾ ಇಂಗ್ಲಿಷ್, ಪೇಟೆಯಲ್ಲಿ ತೆಲುಗಿನ ಜೊತೆಗೆ ದಖ್ಖನಿ ಉರ್ದು, ನಾರಾಯಣಖೇಡದ ಕಡೆಗೆ ಮರಾಠಿಯ ಪರಿಚಯ. 2018ರ ಕಾಯ್ದೆಯ ಮೂಲಕ ತೆಲಂಗಾಣವು ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿದೆ. ಹೀಗಾಗಿ ಈ ಸೀಮೆಯ ಎಷ್ಟೋ ಯುವಜನರು ಕನ್ನಡವನ್ನು ಸರಾಗವಾಗಿ ಆಡಬಲ್ಲರು, ಅರ್ಥಮಾಡಿಕೊಳ್ಳಬಲ್ಲರು. ಆದರೆ ಬರೆಯುವ ಅಭ್ಯಾಸ ಅವರಿಗಿಲ್ಲ. ಆಡುವ ಕನ್ನಡಕ್ಕೂ ಬರೆಯುವ ಕನ್ನಡಕ್ಕೂ ಇರುವ ಈ ಅಂತರ ಮುಂದೆ ಸಂಬಳದ ಪ್ರಶ್ನೆಯಾಗಿ ಮರಳಿ ಬರುತ್ತದೆ.

ಎರಡು ನಗರಗಳ ನಡುವೆ

ಕೊಡಂಗಲ್ಲಿನಿಂದ ಹೈದರಾಬಾದಿಗೂ ಕಲಬುರಗಿಗೂ ಇರುವ ದೂರ ಹೆಚ್ಚುಕಡಿಮೆ ಸಮಾನ. ತಾಂಡೂರು ಸಿಕಂದರಾಬಾದ್–ವಾಡಿ ರೈಲುಮಾರ್ಗದ ಮೇಲಿದೆ. ಒಂದು ದಿಕ್ಕಿಗೆ ಹೊರಟರೆ ಹೈದರಾಬಾದ್, ಇನ್ನೊಂದು ದಿಕ್ಕಿಗೆ ಹೊರಟರೆ ಸೇಡಂ, ಚಿತ್ತಾಪುರ. ಜಹೀರಾಬಾದಿಗೆ ಬೀದರ್ ಇನ್ನೂ ಹತ್ತಿರ. ಭೂಗೋಳದ ಮಟ್ಟಿಗೆ ಎರಡೂ ದಾರಿಗಳು ತೆರೆದಿವೆ. ಶುಲ್ಕ, ವಿದ್ಯಾರ್ಥಿವೇತನ ಮತ್ತು ಮೀಸಲಾತಿಯ ಮಟ್ಟಿಗೆ ಹಾಗಿಲ್ಲ.

ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗವಿದೆ. ಅದು 1954ರಲ್ಲಿ ಆರಂಭವಾಯಿತು. ಕೇಂದ್ರೀಯ ಸಂಸ್ಥೆಗಳಾದ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಸಂವಹನ ವಿಭಾಗವೂ, ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದಲ್ಲಿ ಉರ್ದು ಬಲ್ಲವರಿಗಾಗಿ ಪತ್ರಿಕೋದ್ಯಮ ವಿಭಾಗವೂ ಇವೆ. ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗವಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇವುಗಳಲ್ಲಿ ರಾಜ್ಯ ವಿಶ್ವವಿದ್ಯಾಲಯಗಳಿಗೆ ‘ಸ್ಥಳೀಯ’ ಎಂಬ ಪದದ ಅರ್ಥ ಮುಖ್ಯ. ಸಂವಿಧಾನದ 371(ಡಿ) ವಿಧಿಯ ಚೌಕಟ್ಟಿನಲ್ಲಿ ಕೊಡಂಗಲ್ಲಿನ ವಿದ್ಯಾರ್ಥಿ ಉಸ್ಮಾನಿಯಾದಲ್ಲಿ ಸ್ಥಳೀಯ. 2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿಯು ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಸ್ಥಾನ ನೀಡಿತು. 1956ರವರೆಗೆ ಅದೇ ಗುಲ್ಬರ್ಗಾ ಜಿಲ್ಲೆಯ ಭಾಗವಾಗಿದ್ದ ಕೊಡಂಗಲ್ ಮತ್ತು ತಾಂಡೂರು ಆ ವಿಧಿಯ ವ್ಯಾಪ್ತಿಯಲ್ಲಿಲ್ಲ. ಕನ್ನಡದಲ್ಲಿ ಪತ್ರಿಕೋದ್ಯಮ ಕಲಿಯಲು ಅತ್ಯಂತ ಸಮೀಪದ ವಿಶ್ವವಿದ್ಯಾಲಯದಲ್ಲಿ ಈ ವಿದ್ಯಾರ್ಥಿ ಹೊರರಾಜ್ಯದವನಾಗುತ್ತಾನೆ.

ಶುಲ್ಕದ ನೆರವಿನಲ್ಲೂ ಇದೇ ಸ್ಥಿತಿ. ತೆಲಂಗಾಣದ ಬೋಧನಾ ಶುಲ್ಕ ಮರುಪಾವತಿ ಯೋಜನೆಯು ಸಂಯುಕ್ತ ಆಂಧ್ರಪ್ರದೇಶದ ಕಾಲದಿಂದ ಮುಂದುವರಿದದ್ದು. ಹಿಂದುಳಿದ ವರ್ಗಗಳ ಗ್ರಾಮೀಣ ಕುಟುಂಬಗಳಿಗೆ ವಾರ್ಷಿಕ 1.5 ಲಕ್ಷ ರೂ., ನಗರದವರಿಗೆ 2 ಲಕ್ಷ ರೂ. ಆದಾಯಮಿತಿಯೊಂದಿಗೆ ಅದು ನಡೆದುಬಂದಿದೆ. ಅದರ ವಿನ್ಯಾಸ ಮುಖ್ಯವಾಗಿ ರಾಜ್ಯದೊಳಗಿನ ಕಾಲೇಜುಗಳನ್ನು ಗಮನದಲ್ಲಿಟ್ಟುಕೊಂಡದ್ದು. ಕರ್ನಾಟಕದ ವಿದ್ಯಾರ್ಥಿವೇತನಗಳು ಕರ್ನಾಟಕದ ನಿವಾಸಿಗಳಿಗೆ ಮೀಸಲು. ಪ್ರಯಾಣದಂಥ ಸಣ್ಣ ವಿಷಯದಲ್ಲೂ ಗಡಿ ಕಾಣಿಸಿಕೊಳ್ಳುತ್ತದೆ. 2023ರ ಡಿಸೆಂಬರಿನಲ್ಲಿ ಆರಂಭವಾದ ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯಡಿ ಕೊಡಂಗಲ್ಲಿನ ವಿದ್ಯಾರ್ಥಿನಿ ಹೈದರಾಬಾದಿಗೆ ಉಚಿತವಾಗಿ ಹೋಗಿ ಬರಬಹುದು. ಕಲಬುರಗಿಯ ಕಡೆಗೆ ಹೊರಟರೆ ಆ ಉಚಿತ ಪ್ರಯಾಣ ರಾಜ್ಯದ ಗಡಿಗೆ ಮುಗಿಯುತ್ತದೆ. ಅದೇ ವರ್ಷದ ಜೂನ್‌ನಲ್ಲಿ ಆರಂಭವಾದ ಕರ್ನಾಟಕದ ಶಕ್ತಿ ಯೋಜನೆಗೆ ಕರ್ನಾಟಕದ ನಿವಾಸಿ ಎಂಬ ಗುರುತು ಬೇಕು. ಕನ್ನಡದ ಕಡೆಗೆ ಹೋಗುವ ದಾರಿಗೆ ಹೀಗೆ ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಹೆಚ್ಚು ಹಣ ಬೇಕಾಗುತ್ತದೆ, ಮತ್ತು ಆ ಹೆಚ್ಚಿನ ಹಣವೇ ಸಾಲದ ಮೊತ್ತಕ್ಕೆ ಸೇರುತ್ತದೆ.

ಇದಕ್ಕೆ ಒಂದು ಮುಖ್ಯ ಅಪವಾದವೆಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳು. ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ನಡೆಯುವ ಅಲ್ಲಿನ ಪ್ರವೇಶದಲ್ಲಿ ಗಡಿಯ ಈಚೆ ಆಚೆ ಎಂಬ ಭೇದವಿಲ್ಲ. ಕಡಗಂಚಿಯಾಗಲಿ ಗಚ್ಚಿಬೌಲಿಯಾಗಲಿ ಈ ವಿದ್ಯಾರ್ಥಿಗೆ ಸಮಾನ ದೂರದಲ್ಲಿವೆ ಎಂದು ನಿಜವಾದ ಅರ್ಥದಲ್ಲಿ ಹೇಳಬಹುದಾದದ್ದು ಇಲ್ಲಿ ಮಾತ್ರ.

ಸಾಲದ ಸ್ವರೂಪ

ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯೇ ಹೆಚ್ಚಿನ ಸಾರ್ವಜನಿಕ ಬ್ಯಾಂಕುಗಳ ಶಿಕ್ಷಣ ಸಾಲಕ್ಕೆ ಆಧಾರ. ಅದರ ಪ್ರಕಾರ 4 ಲಕ್ಷ ರೂ.ವರೆಗಿನ ಸಾಲಕ್ಕೆ ವಿದ್ಯಾರ್ಥಿಯ ಕಡೆಯ ಪಾಲು ಬೇಕಿಲ್ಲ. ಕೇಂದ್ರದ ಖಾತರಿ ನಿಧಿಯ ಬೆಂಬಲದಿಂದ 7.5 ಲಕ್ಷ ರೂ.ವರೆಗೆ ಆಸ್ತಿಯ ಅಡಮಾನವೂ ಬೇಕಿಲ್ಲ. ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಮರುಪಾವತಿಗೆ ವಿರಾಮವಿರುತ್ತದೆ. ಆ ಅವಧಿಯಲ್ಲಿ ಸರಳ ಬಡ್ಡಿ ಬೆಳೆಯುತ್ತದೆ. ಅನಂತರ 15 ವರ್ಷಗಳವರೆಗೆ ಕಂತುಗಳಲ್ಲಿ ತೀರಿಸಬಹುದು.

ಅಡಮಾನವಿಲ್ಲ ಎಂಬ ಮಾತನ್ನು ಹೊಣೆಯಿಲ್ಲ ಎಂದು ತಿಳಿಯುವುದು ತಪ್ಪು. ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕುತ್ತಾರೆ. ಕಂತು ತಪ್ಪಿದರೆ ವಿದ್ಯಾರ್ಥಿಯ ಸಾಲದ ದಾಖಲೆಯ ಜೊತೆಗೆ ಅವರ ದಾಖಲೆಯೂ ಕೆಡುತ್ತದೆ. ತಾಂಡೂರು, ಕೊಡಂಗಲ್ ಕಡೆಯ ಕುಟುಂಬಗಳಲ್ಲಿ ಬಹಳಷ್ಟು ತೊಗರಿ ಬೆಳೆಯುವಂಥವು. 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದದ್ದು ಇದೇ ತಾಂಡೂರು ತೊಗರಿ. ತಾಂಡೂರಿನ ಹಾಸುಗಲ್ಲಿನ ಗಣಿಗಳಲ್ಲಿ, ಕಲ್ಲು ನಯಗೊಳಿಸುವ ಘಟಕಗಳಲ್ಲಿ ದುಡಿಯುವ ಕುಟುಂಬಗಳೂ ಅನೇಕ. ಮಳೆಯನ್ನು ನೆಚ್ಚಿದ ರೈತನಿಗೆ ಬ್ಯಾಂಕಿನ ಬೆಳೆಸಾಲ ಪ್ರತಿ ವರ್ಷದ ಅಗತ್ಯ. ಮಗಳ ಪದವಿಯ ಕಂತು ತಪ್ಪಿದಾಗ ಅದರ ಪರಿಣಾಮ ಮುಂದಿನ ಮುಂಗಾರಿನ ಬಿತ್ತನೆಯನ್ನು ಮುಟ್ಟಬಹುದು ಎಂಬುದು ಈ ಸೀಮೆಯಲ್ಲಿ ಸಾಲದ ನಿಜವಾದ ಅರ್ಥ.

ಬಡ್ಡಿಯ ಹೊರೆ ತಗ್ಗಿಸುವ ಯೋಜನೆಗಳಿವೆ. ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರದ ಕುಟುಂಬಗಳ ಮಕ್ಕಳಿಗೆ ವಿರಾಮ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ 2009ರಿಂದ ಇದೆ. ಅದು ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗಾಗಿ ರೂಪುಗೊಂಡದ್ದು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 6ರಂದು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷ ರೂ.ವರೆಗಿನ ಆದಾಯದ ಕುಟುಂಬಗಳಿಗೆ, 10 ಲಕ್ಷ ರೂ.ವರೆಗಿನ ಸಾಲದ ಮೇಲೆ, ವಿರಾಮ ಅವಧಿಯಲ್ಲಿ ಶೇ 3ರ ಬಡ್ಡಿ ರಿಯಾಯಿತಿ ಇದೆ. ಅದು ಕೋರ್ಸಿನ ಹೆಸರಿಗಿಂತ ಸಂಸ್ಥೆಯ ಮೇಲೆ ನಿಂತಿದೆ: ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೇಲಿರುವ ಸಂಸ್ಥೆಗಳು ಮತ್ತು ಕೇಂದ್ರ ಸರ್ಕಾರದ ಆಡಳಿತಕ್ಕೆ ಒಳಪಟ್ಟ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಹೀಗಾಗಿ ಪ್ರವೇಶಕ್ಕೆ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಕ್ಯಾಮೆರಾ, ಸ್ಟುಡಿಯೋಗಳ ಕುರಿತದ್ದಲ್ಲ. ಆ ಸಂಸ್ಥೆ ಮತ್ತು ಆ ಪದವಿ ಈ ಯೋಜನೆಗಳ ವ್ಯಾಪ್ತಿಯಲ್ಲಿವೆಯೇ ಎಂಬುದೇ ಮೊದಲ ಪ್ರಶ್ನೆ.

ಎರಡು ಲೆಕ್ಕಗಳು

ಹೋಲಿಕೆಗಾಗಿ ಎರಡು ಕಲ್ಪಿತ ಸಂದರ್ಭಗಳನ್ನು ತೆಗೆದುಕೊಳ್ಳಬಹುದು. ಎರಡರಲ್ಲೂ ಬಡ್ಡಿ ಶೇ 10, ಮೊದಲ ಸಂಬಳ ತಿಂಗಳಿಗೆ 20,000 ರೂ. ಎಂದು ಇಟ್ಟುಕೊಂಡಿದೆ. ಈ ಅಂಕಿಗಳು ಸಮೀಕ್ಷೆಯವಲ್ಲ, ಲೆಕ್ಕಕ್ಕಾಗಿ ಹಿಡಿದವು. ಓದುಗರು ತಮಗೆ ತಿಳಿದ ಅಂಕಿಗಳನ್ನು ಅದೇ ಜಾಗದಲ್ಲಿ ಇಟ್ಟು ನೋಡಬಹುದು.

ಮೊದಲನೆಯದು, ನಗರದ ಖಾಸಗಿ ಸಂಸ್ಥೆಯಲ್ಲಿ ಮೂರು ವರ್ಷದ ಮಾಧ್ಯಮ ಪದವಿ. ವರ್ಷಕ್ಕೆ 2 ಲಕ್ಷದಂತೆ ಒಟ್ಟು 6 ಲಕ್ಷ ರೂ. ಸಾಲ. ಓದಿನ ಮೂರು ವರ್ಷ ಮತ್ತು ವಿರಾಮದ ಒಂದು ವರ್ಷ ಸೇರಿದರೆ ಸರಳ ಬಡ್ಡಿಯೇ 1.8 ಲಕ್ಷ ರೂ. ಆಗುತ್ತದೆ. ಮರುಪಾವತಿ ಆರಂಭವಾಗುವ ದಿನದ ಬಾಕಿ 7.8 ಲಕ್ಷ. ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳ ಕಂತು ಸುಮಾರು 10,300 ರೂ.; ಅಂದರೆ ಸಂಬಳದ ಅರ್ಧಕ್ಕಿಂತ ಹೆಚ್ಚು. ಹದಿನೈದು ವರ್ಷಕ್ಕೆ ಹಿಗ್ಗಿಸಿದರೆ ಕಂತು ಸುಮಾರು 8,400 ರೂ.ಗೆ ಇಳಿಯುತ್ತದೆ. ಅದೂ ಸಂಬಳದ ಶೇ 42. ಆಗ ಒಟ್ಟು ಕಟ್ಟುವ ಹಣ 15 ಲಕ್ಷ ರೂ. ದಾಟುತ್ತದೆ.

ಎರಡನೆಯದು, ಊರಿನ ಸಮೀಪದ ಸರ್ಕಾರಿ ಕಾಲೇಜಿನಲ್ಲಿ ಸಾಲವಿಲ್ಲದೆ ಯಾವುದಾದರೂ ಪದವಿ, ಅನಂತರ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪತ್ರಿಕೋದ್ಯಮ. ವಸತಿ, ಊಟ, ಲ್ಯಾಪ್‌ಟಾಪ್‌ಗಳಿಗಾಗಿ ವರ್ಷಕ್ಕೆ 75,000ದಂತೆ 1.5 ಲಕ್ಷ ರೂ. ಸಾಲ. ವಿರಾಮದ ಕೊನೆಗೆ ಬಡ್ಡಿ 37,500 ರೂ., ಒಟ್ಟು ಬಾಕಿ 1,87,500 ರೂ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 2,480 ರೂ., ಅಂದರೆ ಸಂಬಳದ ಶೇ 12ರ ಆಸುಪಾಸು. ಓದುತ್ತಿರುವಾಗಲೇ ಬಡ್ಡಿಯನ್ನು ಕಟ್ಟುತ್ತ ಬಂದರೆ, ಅಂದರೆ ಮೊದಲ ವರ್ಷ ತಿಂಗಳಿಗೆ 625 ರೂ., ಅನಂತರ 1,250 ರೂ. ಕಟ್ಟಿದರೆ, ಬಾಕಿ 1.5 ಲಕ್ಷವಾಗಿಯೇ ಉಳಿದು ಕಂತು 2,000 ರೂ.ಗಿಂತ ಕೆಳಗಿಳಿಯುತ್ತದೆ.

ಎಷ್ಟು ಕಂತನ್ನು ಹೊರಬಹುದು? ಅಮೆರಿಕದ ಶಿಕ್ಷಣ ಇಲಾಖೆ ಉದ್ಯೋಗಮುಖಿ ಕೋರ್ಸುಗಳಿಗಾಗಿ 2014ರಲ್ಲಿ ರೂಪಿಸಿ, 2019ರಲ್ಲಿ ಹಿಂತೆಗೆದುಕೊಂಡು, 2023ರಲ್ಲಿ ಮತ್ತೆ ತಂದ ನಿಯಮವೊಂದು ಇಲ್ಲಿ ಉಪಯುಕ್ತ. ಪದವೀಧರರ ವಾರ್ಷಿಕ ಸಾಲದ ಕಂತು ಅವರ ವಾರ್ಷಿಕ ಗಳಿಕೆಯ ಶೇ 8ನ್ನು, ಅಥವಾ ಜೀವನಾವಶ್ಯಕ ವೆಚ್ಚ ಕಳೆದ ಗಳಿಕೆಯ ಶೇ 20ನ್ನು, ಮೀರಬಾರದು ಎಂಬುದು ಅದರ ಸಾರ. ಶೇ 8ರ ಅಳತೆಯಲ್ಲಿ 20,000 ರೂ. ಸಂಬಳ ತಿಂಗಳಿಗೆ 1,600 ರೂ. ಕಂತನ್ನು ಮಾತ್ರ ತಾಳುತ್ತದೆ. ಹತ್ತು ವರ್ಷಕ್ಕೆ ಅದು ಸುಮಾರು 1.2 ಲಕ್ಷ ರೂ. ಬಾಕಿಗೆ ಸಮ. ಇನ್ನಷ್ಟು ಉದಾರವಾಗಿ ಶೇ 15 ಎಂದು ಹಿಡಿದರೂ 2.27 ಲಕ್ಷ ರೂ. ಬಾಕಿಗೆ ಮಿತಿ ಮುಟ್ಟುತ್ತದೆ. ಆ ಮೊತ್ತ ಒಂದು ವರ್ಷದ ಸಂಬಳವಾದ 2.4 ಲಕ್ಷಕ್ಕೆ ಬಹಳ ಹತ್ತಿರ. ಒಟ್ಟು ಸಾಲ ಮೊದಲ ವರ್ಷದ ಗಳಿಕೆಯನ್ನು ಮೀರಬಾರದು ಎಂಬ ರೂಢಿಯ ಮಾತಿಗೆ ಹೀಗೆ ಗಣಿತದ ಆಧಾರವೂ ಇದೆ. ಹಾಸಿಗೆಯ ಉದ್ದ ತಿಳಿದ ಮೇಲೆಯೇ ಕಾಲು ಚಾಚಬೇಕು. ಇಲ್ಲಿ ಹಾಸಿಗೆಯ ಉದ್ದ ಒಂದು ವರ್ಷದ ಸಂಬಳ.

ಸಂಪಾದನೆಯ ಪಕ್ಷ

ಸುದ್ದಿಗೆ ಈ ಸೀಮೆಯಲ್ಲಿ ಬರವಿಲ್ಲ. ಕೊಡಂಗಲ್ 2023ರ ಡಿಸೆಂಬರಿನಿಂದ ತೆಲಂಗಾಣದ ಮುಖ್ಯಮಂತ್ರಿಯ ಕ್ಷೇತ್ರ. ಅದೇ ಕ್ಷೇತ್ರದ ಲಗಚರ್ಲದ ಭೂಸ್ವಾಧೀನ ವಿವಾದ 2024ರ ನವೆಂಬರಿನಲ್ಲಿ ರಾಷ್ಟ್ರಮಟ್ಟದ ಸುದ್ದಿಯಾಯಿತು. ಜಹೀರಾಬಾದಿನಲ್ಲಿ ಕೈಗಾರಿಕಾ ವಲಯಕ್ಕಾಗಿ ಭೂಮಿಯ ಪ್ರಶ್ನೆ ವರ್ಷಗಳಿಂದ ಜೀವಂತವಾಗಿದೆ. ಆದರೆ ಸುದ್ದಿ ಇರುವಲ್ಲಿ ಸಂಬಳ ಇರುತ್ತದೆ ಎಂದೇನೂ ಇಲ್ಲ. ಇಂಥ ಸುದ್ದಿಗಳ ವಿಸ್ತೃತ ವರದಿಗೆ ತಂಡಗಳು ಹೈದರಾಬಾದಿನಿಂದ ಬರುತ್ತವೆ. ಊರಿನಲ್ಲಿ ಉಳಿದವರು ಬಹುಪಾಲು ಅರೆಕಾಲಿಕ ಸುದ್ದಿಗಾರರು.

1974ರಲ್ಲಿ ವಿಶಾಖಪಟ್ಟಣದಲ್ಲಿ ಆರಂಭವಾದ ಈನಾಡು ಜಿಲ್ಲಾ ಪುಟಗಳ ಮೂಲಕ ತೆಲುಗು ಪತ್ರಿಕೋದ್ಯಮವನ್ನು ಮಂಡಲ ಮಟ್ಟಕ್ಕೆ ಒಯ್ದದ್ದು ಭಾರತೀಯ ಭಾಷಾ ಪತ್ರಿಕೆಗಳ ಚರಿತ್ರೆಯ ಪ್ರಸಿದ್ಧ ಅಧ್ಯಾಯ. ಆ ವಿಸ್ತರಣೆ ನಿಂತದ್ದು ಊರೂರಿನ ಸುದ್ದಿಗಾರರ ಮೇಲೆ. ಆದರೆ ಎಲ್ಲ ಭಾಷೆಗಳಲ್ಲೂ ಇಂಥ ಸುದ್ದಿಗಾರರ ಗಳಿಕೆ ತಿಂಗಳ ಸಂಬಳದ ರೂಪದಲ್ಲಿ ಇರುವುದು ಕಡಿಮೆ. ಪ್ರಕಟವಾದ ಸುದ್ದಿಗೆ ಸಲ್ಲುವ ಅಲ್ಪ ಹಣ ಮತ್ತು ಜಾಹೀರಾತು ತಂದುಕೊಟ್ಟರೆ ಸಿಗುವ ಕಮಿಷನ್, ಇವೆರಡೇ ಅನೇಕರ ಆಧಾರ. ಅವರಲ್ಲಿ ಹೆಚ್ಚಿನವರಿಗೆ ಬೇರೆ ಜೀವನೋಪಾಯವಿರುತ್ತದೆ. ಬ್ಯಾಂಕಿನ ಕಂತು ಇರುವವರಿಗೆ ಇದು ವೃತ್ತಿಯಾಗಲಾರದು. ಪೂರ್ಣಾವಧಿ ಪತ್ರಕರ್ತರಿಗೂ ಹಿಂದಿನ ರಕ್ಷಣೆ ಬದಲಾಗುತ್ತಿದೆ. 2011ರಲ್ಲಿ ಅಧಿಸೂಚಿತವಾಗಿ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳಿಗೆ ತಳಹದಿಯಾಗಿದ್ದದ್ದು 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಆ ಕಾಯ್ದೆಯನ್ನು ತಮ್ಮೊಳಗೆ ಸೇರಿಸಿಕೊಂಡಿವೆ.

ಇಷ್ಟರ ನಡುವೆ ಈ ಸೀಮೆಯ ವಿದ್ಯಾರ್ಥಿಗೆ ಅನುಕೂಲವಾದ ಸಂಗತಿಯೊಂದಿದೆ. ಕನ್ನಡದ ಮಾಧ್ಯಮ ಉದ್ಯೋಗಗಳು ಬೆಂಗಳೂರಿನಲ್ಲೇ ಇರುತ್ತವೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. 2000ದಲ್ಲಿ ಆರಂಭವಾಗಿ 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿದ ಈಟಿವಿ ಕನ್ನಡ ವಾಹಿನಿಯ ಮೂಲ ನೆಲೆ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ. 2019ರಲ್ಲಿ ಅಲ್ಲಿಂದಲೇ ಆರಂಭವಾದ ಈಟಿವಿ ಭಾರತ್ ಡಿಜಿಟಲ್ ಸುದ್ದಿಜಾಲದ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದು. ಒಂದೇ ಆವರಣದಲ್ಲಿ ಕನ್ನಡ, ತೆಲುಗು, ಉರ್ದು, ಮರಾಠಿ ಸುದ್ದಿ ತಯಾರಾಗುವ ಇಂಥ ಕಡೆ ಈ ನಾಲ್ಕು ಭಾಷೆಗಳ ಸಂಗಮದಲ್ಲಿ ಬೆಳೆದವರ ಅರಿವಿಗೆ ಬೆಲೆ ಇರಬೇಕು. ಬೆಂಗಳೂರಿನಿಂದ ಹೈದರಾಬಾದಿಗೆ ಬಂದು ನೆಲೆಸುವವರಿಗಿಂತ ಕೊಡಂಗಲ್ಲಿನವರಿಗೆ ಈ ನಗರ ಹೆಚ್ಚು ಪರಿಚಿತ. ಅಲ್ಲಿ ಬದುಕುವ ವೆಚ್ಚವೂ, ಊರಿನ ಆಸರೆ ಹತ್ತಿರವಿರುವುದರಿಂದ, ಸ್ವಲ್ಪ ಕಡಿಮೆಯಾಗಬಹುದು.

ಆದರೆ ಸುದ್ದಿಮನೆಗೆ ಬೇಕಾದದ್ದು ಆಡುವ ಕನ್ನಡವಲ್ಲ, ಬರೆಯುವ ಕನ್ನಡ. ತೆಲುಗಿನ ಸುದ್ದಿಯನ್ನು ಕೆಲವೇ ನಿಮಿಷಗಳಲ್ಲಿ ತಪ್ಪಿಲ್ಲದ ಕನ್ನಡದಲ್ಲಿ ಬರೆಯಬಲ್ಲವರಿಗೆ ಅಲ್ಲಿ ಕೆಲಸವಿದೆ. ತೆಲುಗು ಮಾಧ್ಯಮದಲ್ಲಿ ಓದಿ ಕನ್ನಡವನ್ನು ಮನೆಯಲ್ಲಿ ಮಾತ್ರ ಬಳಸಿದವರಿಗೆ ತೆಲುಗಿನ ಅರ್ಧ ಸಿದ್ಧವಾಗಿದೆ, ಕನ್ನಡದ ಅರ್ಧ ಸಿದ್ಧವಾಗಿಲ್ಲ. ಯಾವ ಮಾಧ್ಯಮ ಪದವಿಯೂ, ಎಷ್ಟೇ ದುಬಾರಿಯಾದರೂ, ಆ ಕೊರತೆಯನ್ನು ತುಂಬಿಕೊಡುವುದಿಲ್ಲ. ಹೈದರಾಬಾದಿನ ಕೋರ್ಸುಗಳು ಕನ್ನಡ ಬರಹ ಕಲಿಸುವುದಿಲ್ಲ; ಕರ್ನಾಟಕದ ಕೋರ್ಸುಗಳು ವಿದ್ಯಾರ್ಥಿಗೆ ಅದು ಬರುತ್ತದೆಂದು ಮೊದಲೇ ಭಾವಿಸುತ್ತವೆ. ಲಕ್ಷಗಟ್ಟಲೆ ಸಾಲದಿಂದ ಕೊಳ್ಳುವುದು ಒಂದು, ಸಂಬಳವನ್ನು ನಿರ್ಧರಿಸುವುದು ಇನ್ನೊಂದು.

ಸಾಲವೇ ಭಾಷೆಯನ್ನು ಆರಿಸಿದಾಗ

ಮೊದಲ ಲೆಕ್ಕದ 7.8 ಲಕ್ಷ ಬಾಕಿಯನ್ನು ಹದಿನೈದು ವರ್ಷಗಳಲ್ಲಿ, ಗಳಿಕೆಯ ಶೇ 15ನ್ನು ಮೀರದೆ, ತೀರಿಸಲು ತಿಂಗಳಿಗೆ ಸುಮಾರು 56,000 ರೂ. ಸಂಬಳ ಬೇಕು. ಕನ್ನಡ ಸುದ್ದಿಮನೆಯ ಮೊದಲ ಮೆಟ್ಟಿಲಿನಲ್ಲಿ ಅಂಥ ಸಂಬಳವನ್ನು ನಿರೀಕ್ಷಿಸುವಂತಿಲ್ಲ. ಅದು ಸಿಗುವ ಸಾಧ್ಯತೆ ಇರುವುದು ಜಾಹೀರಾತು, ಸಾಂಸ್ಥಿಕ ಸಂವಹನ, ತಂತ್ರಜ್ಞಾನ ಕಂಪನಿಗಳ ಬರವಣಿಗೆಯಂಥ ಕ್ಷೇತ್ರಗಳಲ್ಲಿ, ಅದೂ ಇಂಗ್ಲಿಷಿನಲ್ಲಿ. ಆ ಕೆಲಸಗಳಲ್ಲಿ ಲೋಪವೇನೂ ಇಲ್ಲ. ಅವನ್ನು ಬಯಸಿ ಹೋಗುವವರು ಹೋಗಬೇಕು. ಆದರೆ ಪತ್ರಕರ್ತೆಯಾಗಬೇಕೆಂದು ಪದವಿಗೆ ಸೇರಿದವಳು ಕಂತಿನ ಒತ್ತಡದಿಂದ ಮೊದಲು ಕನ್ನಡವನ್ನು, ಅನಂತರ ಸುದ್ದಿಯನ್ನೇ ಬಿಡಬೇಕಾಗಿ ಬಂದರೆ, ಆ ಆಯ್ಕೆ ಅವಳದಲ್ಲ, ಸಾಲದ್ದು. ಪ್ರವೇಶದ ಅರ್ಜಿಗೆ ಸಹಿ ಹಾಕಿದ ದಿನವೇ, ಆಕೆಗೆ ತಿಳಿಯದಂತೆ, ಆಕೆಯ ವೃತ್ತಿಭಾಷೆ ನಿರ್ಧಾರವಾಗಿರುತ್ತದೆ.

ಎರಡನೆಯ ಲೆಕ್ಕದ 2,480 ರೂ. ಕಂತು ಹಾಗೆ ಮಾಡುವುದಿಲ್ಲ. ಅಷ್ಟು ಕಂತಿನೊಡನೆ ಕನ್ನಡ ವಿಭಾಗದಲ್ಲಿ ಕಡಿಮೆ ಸಂಬಳದ ಮೊದಲ ಎರಡು ಮೂರು ವರ್ಷಗಳನ್ನು ಕಳೆಯಬಹುದು. ಭಾಷಾಂತರದ ಬಿಡಿ ಕೆಲಸಗಳನ್ನು ಮಾಡಿಕೊಳ್ಳಬಹುದು. ಅಗತ್ಯ ಬಿದ್ದರೆ ಊರಿಗೆ ಮರಳಬಹುದು. ಸಣ್ಣ ಸಾಲದ ನಿಜವಾದ ಲಾಭ ಉಳಿಯುವ ಬಡ್ಡಿಯಲ್ಲಿ ಇಲ್ಲ. ಉಳಿಯುವ ಆಯ್ಕೆಯಲ್ಲಿ ಇದೆ. ಇದು ಕುಟುಂಬಕ್ಕೆ ಎಷ್ಟು ಮುಖ್ಯವೋ ಸೀಮೆಯ ಭಾಷೆಗೂ ಅಷ್ಟೇ ಮುಖ್ಯ. ಕನ್ನಡ ಬಲ್ಲ ವರದಿಗಾರರಿಲ್ಲದ ಸೀಮೆಯ ಸಂಗತಿಗಳು ಕನ್ನಡದ ಮುದ್ರಿತ ದಾಖಲೆಗೆ ಸೇರುವುದಿಲ್ಲ. ಅರ್ಧ ಶತಮಾನದ ಅನಂತರ ಕೊಡಂಗಲ್ಲಿನ ಕನ್ನಡದ ಕುರಿತು ಬರೆಯಹೊರಟ ಸಂಶೋಧಕರಿಗೆ ಜನಗಣತಿಯ ಅಂಕಿಗಳಷ್ಟೇ ಆಕರವಾಗಿ ಉಳಿಯುತ್ತವೆ.

ಮಾಚನೂರಿನ ಉದಾಹರಣೆ

ಪದವಿಯ ಮೌಲ್ಯವನ್ನು ಅಳೆಯುವಾಗ ಪದವಿಯಿಲ್ಲದೆ ನಡೆದ ಮಾಧ್ಯಮ ಕೆಲಸವನ್ನೂ ನೋಡಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಜಹೀರಾಬಾದ್ ಸಮೀಪದ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಂ ರೇಡಿಯೋ 2008ರ ಅಕ್ಟೋಬರ್ 15ರಂದು ಪ್ರಸಾರ ಆರಂಭಿಸಿತು. ಅದನ್ನು ನಡೆಸಿದವರು ಸುತ್ತಲಿನ ಹಳ್ಳಿಗಳ ದಲಿತ ಮಹಿಳೆಯರು. ಸಿರಿಧಾನ್ಯ, ಬೀಜ, ಹಬ್ಬ, ಆರೋಗ್ಯ ಇವೆಲ್ಲ ಅಲ್ಲಿ ಆಡುಮಾತಿನಲ್ಲೇ ಕಾರ್ಯಕ್ರಮಗಳಾದವು. ಅದೇ ಸಂಸ್ಥೆಯ ಮಹಿಳೆಯರು ವಿಡಿಯೋ ಕ್ಯಾಮೆರಾ ಕಲಿತು ಸಾಕ್ಷ್ಯಚಿತ್ರಗಳನ್ನೂ ತಯಾರಿಸಿದ್ದಾರೆ.

ಈ ಉದಾಹರಣೆಯನ್ನು ಅತಿಯಾಗಿ ಎಳೆಯಬಾರದು. ಸಮುದಾಯ ಬಾನುಲಿ ವೃತ್ತಿಯ ಸಂಬಳ ಕೊಡುವ ವ್ಯವಸ್ಥೆಯಲ್ಲ. ಪದವಿ ಅನಗತ್ಯವೆಂದು ಅದು ಸಾಧಿಸುವುದೂ ಇಲ್ಲ. ಆದರೆ ಒಂದು ವಿಷಯವನ್ನು ಅದು ಸ್ಪಷ್ಟಪಡಿಸುತ್ತದೆ. ಧ್ವನಿಮುದ್ರಣ, ಚಿತ್ರೀಕರಣ, ಸಂಕಲನಗಳಂಥ ಕೌಶಲಗಳನ್ನು ದುಬಾರಿ ಪದವಿಯ ಹೊರಗೆ ಕಲಿಯಬಹುದು. ಹಾಗಾದರೆ ಪದವಿಗಾಗಿ ಸಾಲ ಮಾಡುವಾಗ ಕೇಳಬೇಕಾದದ್ದು, ಆ ಹಣ ಬೇರೆಡೆ ಸಿಗದ ಏನನ್ನು ಕೊಡುತ್ತದೆ ಎಂಬುದನ್ನು. ಸುದ್ದಿಮನೆಯ ಪ್ರವೇಶಕ್ಕೆ ಬೇಕಾದ ಅರ್ಹತಾಪತ್ರ, ಕಾನೂನು ಮತ್ತು ನೀತಿಯ ಶಿಸ್ತುಬದ್ಧ ಓದು, ತರಬೇತಿ ಅವಧಿಯ ಸಂಪರ್ಕಗಳು, ಮುಂದೆ ಅಧ್ಯಾಪಕ ವೃತ್ತಿಯ ಸಾಧ್ಯತೆ ಇವು ಪದವಿಯ ನಿಜವಾದ ಕೊಡುಗೆಗಳು. ಸಾರ್ವಜನಿಕ ವಿಶ್ವವಿದ್ಯಾಲಯಗಳೂ ಇವನ್ನು ಕೊಡುತ್ತವೆ. ದುಡಿಯುತ್ತ ಓದುವವರಿಗೆ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಡಿಪ್ಲೊಮಾದಂಥ ದಾರಿಗಳಿವೆ. ಕೆಲವು ಮಾಧ್ಯಮ ಸಂಸ್ಥೆಗಳು ತಮ್ಮದೇ ಶಾಲೆಗಳಲ್ಲಿ ಶಿಷ್ಯವೇತನ ಕೊಟ್ಟು ತರಬೇತಿ ನೀಡುತ್ತವೆ. ಸಾಲದ ದೃಷ್ಟಿಯಿಂದ ಇವು ಅತ್ಯುತ್ತಮ, ಏಕೆಂದರೆ ಅಲ್ಲಿ ಓದಿನ ಅವಧಿಯೇ ಗಳಿಕೆಯ ಅವಧಿ.

ಉಪಸಂಹಾರ

ಕೊಡಂಗಲ್ ಸೀಮೆಯ ಕನ್ನಡ ವಿದ್ಯಾರ್ಥಿಗೆ ಮಾಧ್ಯಮ ಪದವಿ ಬೇಡವೆಂದು ಈ ಲೆಕ್ಕಗಳು ಹೇಳುವುದಿಲ್ಲ. ಬಹುಭಾಷಿಕ ಸುದ್ದಿಮನೆಗಳಿರುವ ಹೈದರಾಬಾದ್ ಹತ್ತಿರವಿರುವಾಗ, ಮನೆಯಲ್ಲೇ ಹಲವು ಭಾಷೆಗಳ ಬಳಕೆ ಇರುವಾಗ, ಅಂಥ ಪದವಿಗೆ ಇಲ್ಲಿ ಅರ್ಥವಿದೆ. ಆದರೆ ಸಾಲದ ಮೊತ್ತ ಮೊದಲ ವರ್ಷದ ಸಂಬಳದೊಳಗೆ ಇರಬೇಕು. ಮೊದಲ ಪದವಿಗಿಂತ ಸ್ನಾತಕೋತ್ತರ ಹಂತಕ್ಕೆ, ಖಾಸಗಿ ಸಂಸ್ಥೆಗಿಂತ ಸಾರ್ವಜನಿಕ ಸಂಸ್ಥೆಗೆ, ಶುಲ್ಕಕ್ಕಿಂತ ಜೀವನ ವೆಚ್ಚಕ್ಕೆ ಅದು ವಿನಿಯೋಗವಾಗಬೇಕು. ಶುಲ್ಕ ಮರುಪಾವತಿಯ ಹಣ ಸಕಾಲದಲ್ಲಿ ಬರುತ್ತದೆಂದು ಭಾವಿಸಿ ದುಬಾರಿ ಕಾಲೇಜು ಸೇರುವುದು ಅಪಾಯಕರ; ಅದು ತಡವಾದ ವರ್ಷಗಳಲ್ಲಿ ಹೊರೆ ಮನೆಯವರ ಮೇಲೆಯೇ ಬೀಳುತ್ತದೆ.

ಇದಿಷ್ಟು ಕುಟುಂಬದ ಹೊಣೆ. ಸಂಸ್ಥೆಗಳ ಹೊಣೆ ಇನ್ನೊಂದಿದೆ. ಬರೆಯುವ ಕನ್ನಡವನ್ನು ಈ ಸೀಮೆಯ ಪದವಿ ವಿದ್ಯಾರ್ಥಿಗಳಿಗೆ ಕಲಿಸುವ ಕೆಲಸಕ್ಕೆ ಲಕ್ಷಾಂತರ ರೂಪಾಯಿ ಬೇಕಿಲ್ಲ. ಲಿಪಿ, ಕಾಗುಣಿತ, ತೆಲುಗಿನಿಂದ ಕನ್ನಡಕ್ಕೆ ಸುದ್ದಿಯ ಭಾಷಾಂತರ, ಪ್ರಮಾಣ ಕನ್ನಡದ ವಾಕ್ಯರಚನೆ ಇವನ್ನು ಒಳಗೊಂಡ ಕೆಲವು ತಿಂಗಳ ಸಂಜೆ ತರಗತಿಗಳು ಸಾಕು. ತಾಂಡೂರು ಅಥವಾ ಜಹೀರಾಬಾದಿನ ಒಂದು ಕಾಲೇಜು ಕೊಠಡಿಯಲ್ಲಿ ಅವು ನಡೆಯಬಹುದು. ತೆಲುಗು ಮತ್ತು ಕನ್ನಡ ಲಿಪಿಗಳ ಸಾಮೀಪ್ಯದಿಂದ ತೆಲುಗು ಓದಬಲ್ಲವರಿಗೆ ಕನ್ನಡ ಓದುವುದು ವಾರಗಳ ಕೆಲಸ, ವರ್ಷಗಳದ್ದಲ್ಲ. ಈ ಕೊರತೆ ನೀಗಿದರೆ ಸಣ್ಣ ಸಾಲದ ಪದವಿಯೂ ಕನ್ನಡದಲ್ಲಿ ಉದ್ಯೋಗ ತರಬಲ್ಲುದು. ನೀಗದಿದ್ದರೆ ದೊಡ್ಡ ಸಾಲದ ಪದವಿಯೂ ಕನ್ನಡದಿಂದ ದೂರಕ್ಕೇ ಒಯ್ಯುತ್ತದೆ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಕುರಿತು ಸಂವಿಧಾನದ 350(ಎ) ವಿಧಿ ಪ್ರಾಥಮಿಕ ಶಾಲೆಯ ಹಂತದಲ್ಲಿ ನಿಲ್ಲುತ್ತದೆ. ಮಾತೃಭಾಷೆಯಲ್ಲಿ ದುಡಿದು ಬದುಕುವ ಸಾಧ್ಯತೆಯ ಪ್ರಶ್ನೆ ಅದರ ಮುಂದಿನದು, ಮತ್ತು ಆ ಪ್ರಶ್ನೆಗೆ ಉತ್ತರವನ್ನು ಈಗ ಬರೆಯುತ್ತಿರುವುದು ಬ್ಯಾಂಕಿನ ಮರುಪಾವತಿ ಪಟ್ಟಿ.